ಎರೆ, ಗರಸು, ನೆಗ್ಗಿಲಮುಳ್ಳು: ಎಂಟಿಬಿಗೆ ಗಾಲಿ ಆರಿಸುವ ಬಗೆ

ಒಂದು ಭಾನುವಾರ ಬೈಲಹೊಂಗಲದಿಂದ ಸೊಗಲದ ಕಡೆ ಹೋಗಿ, ಹೊಲದ ಬದುವಿನ ಮೇಲೆ ಸೈಕಲ್ ಹೊಡೆದುಕೊಂಡು ಮನೆಗೆ ಬಂದೆ. ಕಟ್ಟೆಯ ಮೇಲೆ ಕೂತು ಇಕ್ಕಳ ಹಿಡಿದು ಹಿಂದಿನ ಟೈರಿನಿಂದ ಕಿತ್ತ ಮುಳ್ಳು ಹದಿನಾಲ್ಕು. ಅದರಲ್ಲಿ ಹನ್ನೊಂದು ನೆಗ್ಗಿಲು, ಮೂರು ಜಾಲಿ. ನೆಗ್ಗಿಲಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ದನಗಾಹಿಗಳನ್ನು ಕೇಳಿ, ಹೇಳುತ್ತಾರೆ. ನಮ್ಮ ಭಾಗದಲ್ಲಿ ಎಂಟಿಬಿ (ಮೌಂಟನ್ ಬೈಕ್) ಗಾಲಿ ಆರಿಸುವಾಗ ಈ ಮುಳ್ಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎಷ್ಟು ದುಡ್ಡು ಸುರಿದರೂ ದಂಡ.

ಸೈಕಲ್ ಓಟ ಈ ನೆಲಕ್ಕೆ ಹೊಸದಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಮಕ್ಕಳು ಸೈಕಲ್ ತುಳಿಯುವುದನ್ನು ನೋಡಿದವರಿಗೆ ಇದು ಗೊತ್ತು. 2022ರಲ್ಲಿ ಪಕ್ಕದ ಗದಗದಲ್ಲೇ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ನಡೆಯಿತು. ಅಂಥ ಕ್ರಾಸ್‌ಕಂಟ್ರಿ ಓಟಕ್ಕೆ ಇಳಿಯಬೇಕು, ಸೈಕಲ್ಲಿನ ಜೊತೆ ಬಂದ ಭಾರದ ಗಾಲಿ ಬದಲಿಸಬೇಕು ಎನ್ನುವ ಹೊಸಬರಿಗೆ ಇದನ್ನು ಬರೆಯುತ್ತಿದ್ದೇನೆ.

ಹಂತ 1: ನಿಮ್ಮ ಸೈಕಲ್ಲಿಗೆ ಏನು ಕೂರುತ್ತದೆ?

ಅಚ್ಚಿಗೆ ಹೊಂದದ ಗಾಲಿಯನ್ನು ಯಾರೂ ಚಕ್ಕಡಿಗೆ ಹಾಕುವುದಿಲ್ಲ. ಸೈಕಲ್ಲಿನಲ್ಲಿ ಮಾತ್ರ ಈ ತಪ್ಪು ದಿನಾ ಆಗುತ್ತದೆ. ಹಾಗಾಗಿ ಕೊಳ್ಳುವ ಮಾತು ಎತ್ತುವ ಮೊದಲು ಒಂದು ಸ್ಟೀಲ್ ಸ್ಕೇಲು, ಒಂದು ಚೀಟಿ ಹಿಡಿದು ಸೈಕಲ್ಲಿನ ಮುಂದೆ ಕೂರಿ.

ಟೈರಿನ ಮಗ್ಗುಲಲ್ಲಿ ಅಚ್ಚಾದ ಸಂಖ್ಯೆ ಓದಿ. 622 ಇದ್ದರೆ 29 ಇಂಚು, 584 ಇದ್ದರೆ 27.5, 559 ಇದ್ದರೆ ಹಳೆಯ 26. ಅದೇ ಅಳತೆಯ ಗಾಲಿಯನ್ನೇ ಕೊಳ್ಳಿ. ಯಾವ ಅಳತೆ ಮೇಲು ಎಂಬ ವಾದ ಹಳೆಯದು: 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 29 ಇಂಚಿನ ಗಾಲಿಯ ಯಾರೊಸ್ಲಾವ್ ಕುಲ್ಹಾವಿ ಚಿನ್ನ ಗೆದ್ದರೆ, 27.5ರ ಮೇಲಿದ್ದ ನಿನೊ ಶುರ್ಟರ್ ಕೊನೆಯ ಓಟದಲ್ಲಿ ಕೂದಲೆಳೆಯಷ್ಟು ಹಿಂದೆ ಬಿದ್ದರು. ಈಗ ಕ್ರಾಸ್‌ಕಂಟ್ರಿಯಲ್ಲಿ 29 ರೂಢಿ. ಐದಡಿಗಿಂತ ಗಿಡ್ಡ ಇರುವ ಹುಡುಗ ಹುಡುಗಿಯರಿಗೆ 27.5 ಇದ್ದರೂ ಏನೂ ಕಳೆದುಕೊಂಡಂತಲ್ಲ.

ಮುಂದಿನ ಗಾಲಿ ಬಿಚ್ಚಿ ಫೋರ್ಕಿನ ಎರಡು ತುದಿಗಳ ನಡುವಿನ ಅಂತರ ಅಳೆಯಿರಿ: 100 ಅಥವಾ 110 ಮಿ.ಮೀ. ಹಿಂದೆ 135, 142 ಅಥವಾ 148. ಮುಂದೆ 110, ಹಿಂದೆ 148 ಬಂದರೆ ಅದಕ್ಕೆ ‘ಬೂಸ್ಟ್’ ಎನ್ನುತ್ತಾರೆ. ತೆಳ್ಳಗಿನ ಕ್ವಿಕ್ ರಿಲೀಸ್ ಕಡ್ಡಿ ಇದೆಯೋ, ಬೆರಳು ದಪ್ಪದ ಥ್ರೂ ಆ್ಯಕ್ಸಲ್ ಇದೆಯೋ ಅದನ್ನೂ ಬರೆದುಕೊಳ್ಳಿ.

ಆಮೇಲೆ ಹಿಂದಿನ ಗೇರಿನ ಅತಿ ಸಣ್ಣ ಚಕ್ರದ ಹಲ್ಲು ಎಣಿಸಿ. 11 ಇದ್ದರೆ ಸಾಮಾನ್ಯವಾಗಿ ಶಿಮಾನೊ ಎಚ್‌ಜಿ ಮಾದರಿಯ ಫ್ರೀಹಬ್ (ಗೇರಿನ ಸೆಟ್ಟು ಕೂರುವ ಭಾಗ) ಬೇಕು. 10 ಇದ್ದರೆ ಶಿಮಾನೊ ಮೈಕ್ರೊ ಸ್ಪ್ಲೈನ್ ಅಥವಾ ಸ್ರ್ಯಾಮ್‌ನ ಎಕ್ಸ್‌ಡಿ. ಯಾವ ಕಂಪನಿಯ ಗೇರು ಎಂದು ನೋಡಿಕೊಳ್ಳಿ. ಏಳು ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಫ್ರೀವೀಲ್ ತಿರುಪಿನ ಮೇಲೆ ಕೂತಿರುತ್ತದೆ. ಹಾಗಿದ್ದರೆ ಬರೀ ಗಾಲಿ ಬದಲಿಸಿ ಉಪಯೋಗವಿಲ್ಲ, ಗೇರಿನ ಸೆಟ್ಟೂ ಬದಲಾಗಬೇಕು. ಆ ದುಡ್ಡು ಉಳಿಸಿ ಮುಂದಿನ ಸೈಕಲ್ಲಿಗೆ ಇಡಿ ಎನ್ನುವುದು ನನ್ನ ಸಲಹೆ. ಕೊನೆಯದಾಗಿ, ಡಿಸ್ಕ್ ಆರು ತಿರುಪಿನದೋ, ನಡುವೆ ಒಂದೇ ದೊಡ್ಡ ಬಿಲ್ಲೆಯ ಸೆಂಟರ್‌ಲಾಕೋ ನೋಡಿ.

ಹಂತ 2: ಯಾವ ನೆಲದಲ್ಲಿ ಹೆಚ್ಚು ತುಳಿಯುತ್ತೀರಿ?

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳಲ್ಲಿ ನೆಲ ಒಂದೇ ತೆರನಾಗಿಲ್ಲ. ಕಿತ್ತೂರಿನಿಂದ ಪಡುವಣಕ್ಕೆ ಹೋದಷ್ಟೂ ಮಳೆ ಹೆಚ್ಚು, ಕೆಂಪು ಮಣ್ಣು. ಬೈಲಹೊಂಗಲ, ಸವದತ್ತಿಯ ಬಯಲೆಲ್ಲ ಎರೆ. ಸವದತ್ತಿಯ ಎಲ್ಲಮ್ಮನ ಗುಡ್ಡ, ಪರಸಗಡ ಕೋಟೆಯ ಸುತ್ತು, ನವಿಲುತೀರ್ಥದ ಮಗ್ಗುಲು ಕಲ್ಲು ಚಪ್ಪಡಿ, ಸಡಿಲ ಗರಸು. ರಾಮದುರ್ಗದ ಸುರೇಬಾನ, ಶಬರಿಕೊಳ್ಳದ ಕಡೆ ಒಣ ಕಲ್ಲು ಗುಡ್ಡ, ಜೊತೆಗೆ ಜಾಲಿ.

ಹಸಿ ಎರೆಗೆ ಮಾತ್ರ ಯಾವ ಗಾಲಿಯೂ ಉತ್ತರವಲ್ಲ. ಮಳೆ ಬಿದ್ದ ಮರುದಿನ ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಟೈರಿಗೆ ಮೆತ್ತಿ, ಫೋರ್ಕಿನ ಕಮಾನಿಗೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಸೈಕಲ್ ನಿಮ್ಮನ್ನು ಹೊರುವುದಿಲ್ಲ, ನೀವೇ ಅದನ್ನು ಹೊರಬೇಕು. ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ಆಡುವಷ್ಟು ಜಾಗ ಉಳಿಯಲೇಬೇಕು ಎನ್ನುವುದು ಇದಕ್ಕೇ.

ಹಂತ 3: ರಿಮ್ಮಿನ ಅಗಲ, ಟ್ಯೂಬ್‌ಲೆಸ್

ರಿಮ್ಮಿನ ಒಳ ಅಗಲ 25ರಿಂದ 30 ಮಿ.ಮೀ. ಇರಲಿ. 2.2ರಿಂದ 2.4 ಇಂಚಿನ ಟೈರು ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಹಳೆಯ 19 ಮಿ.ಮೀ. ರಿಮ್ಮಿನ ಮೇಲೆ ಅದೇ ಟೈರು ಬಲ್ಬಿನಂತೆ ಉಬ್ಬಿ, ಗರಸಿನ ತಿರುವಿನಲ್ಲಿ ಹೊಯ್ದಾಡುತ್ತದೆ.

‘ಟ್ಯೂಬ್‌ಲೆಸ್ ರೆಡಿ’ ಎಂದು ಬರೆದಿರದ ರಿಮ್ಮನ್ನು ಉಚಿತವಾಗಿ ಕೊಟ್ಟರೂ ಬೇಡ ಎನ್ನಿ. ಟ್ಯೂಬಿದ್ದಿದ್ದರೆ ಆ ಹದಿನಾಲ್ಕು ಮುಳ್ಳಿಗೆ ನಾನು ಅರ್ಧ ದಿನ ಪ್ಯಾಚ್ ಹಾಕುತ್ತಿದ್ದೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿದರೆ ಒಳಗಿನ ಬಿಳಿ ಸೀಲೆಂಟ್ ಬುಸ್ ಎಂದು ಹೊರಬಂದು, ನಾಲ್ಕು ಗುಳ್ಳೆ ಎದ್ದು, ನಿಲ್ಲುತ್ತದೆ. 29 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಹಾಕಿ. ನಮ್ಮ ಬೇಸಿಗೆಗೆ ಅದು ಬೇಗ ಒಣಗುತ್ತದೆ; ಎರಡು ತಿಂಗಳಿಗೊಮ್ಮೆ ಗಾಲಿ ಬಿಚ್ಚಿ ಕಿವಿಯ ಹತ್ತಿರ ಅಲುಗಾಡಿಸಿ. ಎಳನೀರಿನ ಸದ್ದು ಕೇಳದಿದ್ದರೆ ಮತ್ತೆ ಹಾಕಿ.

ಗಾಳಿಯ ಲೆಕ್ಕ: 65 ಕೆ.ಜಿ. ತೂಗುವವರು ಮುಂದೆ 20-22, ಹಿಂದೆ 23-25 ಪಿಎಸ್‌ಐನಿಂದ ಶುರು ಮಾಡಬಹುದು. ಪಂಚರ್ ಅಂಗಡಿಯಲ್ಲಿ ಅಭ್ಯಾಸದಂತೆ 50 ತುಂಬಿಬಿಟ್ಟರೆ ಗುಡ್ಡದ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತೀರಿ.

ಹಂತ 4: ಹಬ್ ಮತ್ತು ಕಡ್ಡಿ

ಎರೆಯ ಧೂಳು ಹಿಟ್ಟಿನಷ್ಟು ನುಣುಪು, ಎಲ್ಲಿ ಬೇಕಾದರೂ ನುಗ್ಗುತ್ತದೆ. ಸೀಲ್ಡ್ ಕಾರ್ಟ್ರಿಜ್ ಬೇರಿಂಗ್ ಇರುವ ಹಬ್ ಹೊಸಬರಿಗೆ ವಾಸಿ. ಅದರ ಮೇಲೆ 6902ರಂಥ ಸಂಖ್ಯೆ ಇರುತ್ತದೆ. ಸವೆದಾಗ ಬೇರಿಂಗ್ ಅಂಗಡಿಗೆ ಹೋಗಿ ಅದೇ ಸಂಖ್ಯೆ ಹೇಳಿದರಾಯಿತು. ಬಿಡಿ ಗುಂಡಿನ ಹಬ್ ಕೆಟ್ಟದ್ದಲ್ಲ, ಆದರೆ ಮಳೆಗಾಲ ಮುಗಿದಾಗಲೆಲ್ಲ ಬಿಚ್ಚಿ ಗ್ರೀಸ್ ಹಾಕುವ ತಾಳ್ಮೆ ಬೇಕು. ಟ್ರ್ಯಾಕ್ಟರ್ ತೊಳೆಯುವ ಪಂಪಿನ ನೀರನ್ನು ಎರಡಕ್ಕೂ ಹಿಡಿಯಬೇಡಿ.

ಕಡ್ಡಿಯ ವಿಷಯದಲ್ಲಿ ನಾನು ಮೋಸಹೋದೆ; ನನ್ನ ಆಸೆಯಿಂದಲೇ. ನೋಡಲು ಚೆಂದ ಎಂದು ಸ್ಟ್ರೇಟ್‌ಪುಲ್ ಕಡ್ಡಿಯ, 24 ಕಡ್ಡಿಯ ಗಾಲಿ ತಂದಿದ್ದೆ. ಪರಸಗಡದ ಇಳಿಜಾರಿನಲ್ಲಿ ಒಂದು ಕಡ್ಡಿ ಟಣ್ ಎಂದಿತು. ಅಂಥದ್ದೇ ಇನ್ನೊಂದು ಕಡ್ಡಿ ಕೈಗೆ ಬರಲು ಮೂರು ವಾರ, ಅಷ್ಟೂ ದಿನ ಸೈಕಲ್ ಗೋಡೆಗೆ. ತಲೆ ಬಾಗಿದ ಜೆ-ಬೆಂಡ್ ಕಡ್ಡಿ, ಒಂದೊಂದು ಗಾಲಿಗೆ 28 ಅಥವಾ 32 ಇರುವುದನ್ನೇ ಕೊಳ್ಳಿ. ಕೊಂಡ ದಿನವೇ ಅದೇ ಅಳತೆಯ ಕಡ್ಡಿ ನಾಲ್ಕು ಹೆಚ್ಚಿಗೆ ಇಸಿದುಕೊಳ್ಳಿ. ಹಿಂದಿನ ಗಾಲಿಯ ಎಡಬಲದ ಕಡ್ಡಿಗಳ ಉದ್ದ ಬೇರೆ ಬೇರೆ ಇರಬಹುದು, ಎರಡೂ ಬಗೆಯವು ಇರಲಿ.

ಹಂತ 5: ತೂಕ ಮತ್ತು ದುಡ್ಡು

ಎಲ್ಲರೂ ಮೊದಲು ಕೇಳುವುದು ತೂಕ. ನಾನು ಕೊನೆಗೆ ಇಟ್ಟಿದ್ದೇನೆ. ಒಳ್ಳೆಯ ಅಲ್ಯೂಮಿನಿಯಂ ಜೋಡಿ 1.6ರಿಂದ 1.9 ಕೆ.ಜಿ. ತೂಗುತ್ತದೆ, ಕಾರ್ಬನ್ 1.2ರಿಂದ 1.5. ರಿಮ್ಮಿನಲ್ಲಿ 300 ಗ್ರಾಂ ಉಳಿಸಿದಿರಿ ಎನ್ನೋಣ. ನೀವೂ ಸೈಕಲ್ಲೂ ಸೇರಿ 78 ಕೆ.ಜಿ. ಇದ್ದರೆ ಎಲ್ಲಮ್ಮನ ಗುಡ್ಡದ ಏರಿನಲ್ಲಿ ಉಳಿತಾಯ ಶೇ 0.4ರಷ್ಟೂ ಇಲ್ಲ. ತಿರುವಿನಿಂದ ಎದ್ದು ವೇಗ ಹಿಡಿಯುವಾಗ ರಿಮ್ಮಿನ ತೂಕ ಹೆಚ್ಚುಕಡಿಮೆ ಎರಡು ಪಟ್ಟು ಎಣಿಕೆಯಾಗುತ್ತದೆ, ಆದರೂ ಶೇ 0.8 ದಾಟುವುದಿಲ್ಲ. ಕೊನೆಯ ಸುತ್ತಿನಲ್ಲಿ ಪದಕಕ್ಕೆ ಸೆಣಸುವವರಿಗೆ ಅದು ದೊಡ್ಡದು. ಮೊದಲ ವರ್ಷದವರಿಗೆ ಅಲ್ಯೂಮಿನಿಯಂ ಸಾಕು. ಕಲ್ಲಿಗೆ ತಾಗಿ ನೆಗ್ಗಿದರೆ ಎಷ್ಟೋ ಸಲ ನೇರ ಮಾಡಿಕೊಂಡು ಮನೆ ಮುಟ್ಟಬಹುದು, ಕಾರ್ಬನ್ ಸೀಳಿದರೆ ಅಲ್ಲಿಗೆ ಮುಗಿಯಿತು. ಉಳಿದ ದುಡ್ಡಿಗೆ ಒಳ್ಳೆಯ ಟೈರು ಕೊಳ್ಳಿ.

ಹಂತ 6: ಜೋಡಿಸಿದ ಮೇಲೆ

ಹೊಸ ಗಾಲಿಯ ಕಡ್ಡಿಗಳು ಮೊದಲ 50-100 ಕಿ.ಮೀ.ನಲ್ಲಿ ಕೂತುಕೊಳ್ಳುತ್ತವೆ, ಕೆಲವು ಸಡಿಲಾಗುತ್ತವೆ. ಸೈಕಲ್ ತಲೆಕೆಳಗು ಮಾಡಿ, ಒಂದು ಮಗ್ಗುಲಿನ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತ ಬನ್ನಿ, ಆಮೇಲೆ ಇನ್ನೊಂದು ಮಗ್ಗುಲು. ಏಕತಾರಿಯಂತೆ ಒಂದೇ ಸ್ವರ ಬರುತ್ತಿರುವಾಗ ನಡುವೆ ಒಂದು ಮಂಕಾಗಿ ‘ದಬ್’ ಎನ್ನುತ್ತದೆ. ಆ ಕಡ್ಡಿಗೆ ಸುಣ್ಣದ ಬೊಟ್ಟಿಟ್ಟು, ಬೆಂಡು ತೆಗೆಯುವ ಕೈ ಪಳಗಿದವರ ಹತ್ತಿರ ಒಯ್ಯಿರಿ.