ಪಾಠ 16: ಕಾಡು ಕಾಯುವ ಕೆಲಸಕ್ಕೆ ಸಂದರ್ಶನ



ಬಂಡೀಪುರ, ನಾಗರಹೊಳೆ ಹೆಸರನ್ನು ನೀವು ಕೇಳಿದ್ದೀರಿ. ಇವು ರಾಷ್ಟ್ರೀಯ ಉದ್ಯಾನಗಳು. ಉದ್ಯಾನ ಅಂದರೆ ಇಲ್ಲಿ ಹೂದೋಟ ಅಲ್ಲ. ಹುಲಿ, ಆನೆ, ಕಾಟಿ, ಜಿಂಕೆ ಇರುವ ದೊಡ್ಡ ಕಾಡು. ನಮ್ಮ ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ. ಉಳಿದ ಮೂರು ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಈ ಕಾಡುಗಳನ್ನು ಕಾಯಲು ಜನ ಬೇಕು.

"ಕಾಡು ಕಾಯೋದು ಗಂಡಸರ ಕೆಲಸ" ಅನ್ನುವವರು ಬಹಳ. ಆದರೆ ಗುಜರಾತಿನ ಗಿರ್ ಕಾಡನ್ನು ನೋಡಿ. ಅದು ಸಿಂಹಗಳ ಕಾಡು. 2007ರಿಂದ ಅಲ್ಲಿ ಹೆಣ್ಣುಮಕ್ಕಳೂ ಕಾವಲು ಮಾಡುತ್ತಿದ್ದಾರೆ. ನಮ್ಮ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ನೂರಕ್ಕೆ 33 ಹುದ್ದೆ ಹೆಂಗಸರಿಗೆ ಮೀಸಲು.

ಯಾವ ಯಾವ ಕೆಲಸ?

ಕಾಡಿನ ಕೆಲಸಕ್ಕೆ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಅರಣ್ಯ ವೀಕ್ಷಕರು. ಊರಿನಲ್ಲಿ ವಾಚರ್ ಅನ್ನುತ್ತೇವೆ. ಇದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎರಡನೆಯದು ಗಸ್ತು ಅರಣ್ಯ ಪಾಲಕರು, ಅಂದರೆ ಗಾರ್ಡ್. ಇದಕ್ಕೆ ಪಿಯುಸಿ ಬೇಕು. ಮೇಲೆ ಫಾರೆಸ್ಟರ್, ಅದರ ಮೇಲೆ ರೇಂಜರ್.

ವಾಚರ್, ಗಾರ್ಡ್ ಖಾಯಂ ಹುದ್ದೆಗೆ ಅಂಕ ನೋಡುತ್ತಾರೆ. ಓಟ, ಜಿಗಿತದಂಥ ಪರೀಕ್ಷೆಯೂ ಇರುತ್ತದೆ. ಪ್ರವಾಸಿಗರಿಗೆ ಕಾಡು ತೋರಿಸುವ ಗೈಡ್ ಕೆಲಸ, ಗುತ್ತಿಗೆ ಮೇಲಿನ ಕೆಲಸ ಇಂಥವಕ್ಕೆ ಕರೆದು ಮಾತಾಡಿಸುವುದುಂಟು. ಹೀಗೆ ಕರೆದು ಪ್ರಶ್ನೆ ಕೇಳುವುದೇ ಸಂದರ್ಶನ.

ಹತ್ತನೇ ತರಗತಿ ಆಗಿಲ್ಲವೇ? ಎದೆಗುಂದಬೇಡಿ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 14 ವರ್ಷ ತುಂಬಿದವರು ಯಾರು ಬೇಕಾದರೂ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಆದರೆ ಸರ್ಕಾರಿ ಹುದ್ದೆಗೆ ವಯಸ್ಸಿನ ಮಿತಿ ಇದೆ. ಅದನ್ನು ಪ್ರಕಟಣೆಯಲ್ಲಿ ಓದಿ ನೋಡಿ.

ಹಿಂದಿನ ದಿನದ ತಯಾರಿ

1. ಕರೆಪತ್ರವನ್ನು ಎರಡು ಸಲ ಓದಿ. ದಿನ, ಗಂಟೆ, ಜಾಗ ಗುರುತು ಹಾಕಿ.
2. ಆಧಾರ್, ಶಾಲೆಯ ಟಿ.ಸಿ., ಜಾತಿ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೋ ಒಂದೇ ಚೀಲದಲ್ಲಿ ಇಡಿ.
3. ಎಲ್ಲದಕ್ಕೂ ಜೆರಾಕ್ಸ್ ಮಾಡಿಸಿ. ಮೂಲ ಕಾಗದ ತೋರಿಸಿ, ವಾಪಸು ಪಡೆಯಿರಿ.
4. ಬಸ್ಸಿನ ಹೊತ್ತು ವಿಚಾರಿಸಿ. ಒಂದು ಬಸ್ಸು ಮುಂಚೆಯೇ ಹೊರಡಿ.
5. ಮನೆಯವರ ಜತೆ ಮಾತಾಡಿ. ರಾತ್ರಿ ಪಾಳಿ ಬಂದರೆ ಮಗು ಯಾರು ನೋಡಿಕೊಳ್ಳುತ್ತಾರೆ? ಇದನ್ನು ಮೊದಲೇ ತೀರ್ಮಾನಿಸಿ.

ನಿಮಗೂ ಗೊತ್ತಿದೆ

"ನಾನು ಮೇಕೆ ಮೇಯಿಸಿದವಳು, ನನಗೇನು ಗೊತ್ತು?" ಎನ್ನಬೇಡಿ. ಸೀಗೆಕಾಯಿ, ನೆಲ್ಲಿಕಾಯಿ ಯಾವ ಕಾಲಕ್ಕೆ ಬರುತ್ತವೆ, ಬೇಸಿಗೆಯಲ್ಲಿ ಯಾವ ಹಳ್ಳದಲ್ಲಿ ನೀರು ಉಳಿಯುತ್ತದೆ ಎಂಬುದು ನಿಮಗೆ ಗೊತ್ತು. ಲಂಟಾನ ಪೊದೆ ಹಬ್ಬಿದ ಕಡೆ ಹುಲ್ಲು ಬೆಳೆಯುವುದಿಲ್ಲ ಎಂದೂ ಗೊತ್ತು. ಇದೆಲ್ಲ ಕಾಡಿನ ಕೆಲಸಕ್ಕೆ ಬೇಕಾದ ತಿಳುವಳಿಕೆ. ಅಂಜದೆ ಹೇಳಿ.

ಮಾದರಿ ಸಂದರ್ಶನ

ಒಬ್ಬರು ಅಧಿಕಾರಿ ಆಗಿ, ಒಬ್ಬರು ಉತ್ತರ ಕೊಡಿ. ಗಟ್ಟಿಯಾಗಿ ಓದಿ.

ಅಧಿಕಾರಿ: ಕೂತ್ಕೊಳ್ಳಿ ಅಮ್ಮ. ಈ ಕೆಲಸ ಯಾಕೆ ಬೇಕು?
ಹೆಂಗಸು: ನಮಸ್ಕಾರ ಸರ್. ನಮ್ಮೂರು ಕಾಡಂಚಿನಲ್ಲಿದೆ. ಕಾಡಿನ ದಾರಿ ಗೊತ್ತು. ಮನೆಗೆ ತಿಂಗಳ ಸಂಬಳವೂ ಬೇಕು.
ಅಧಿಕಾರಿ: ದಾರೀಲಿ ಹೆಜ್ಜೆ ಗುರುತು ಕಂಡಿತು. ಹುಲಿಯದೋ ನಾಯಿಯದೋ ಹೇಗೆ ಹೇಳ್ತೀರಿ?
ಹೆಂಗಸು: ನಾಯಿ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತೆ. ಹುಲಿ ನಡೆವಾಗ ಉಗುರು ಒಳಗೆ ಎಳೆದುಕೊಂಡಿರುತ್ತೆ. ಅದರ ಹೆಜ್ಜೆ ದೊಡ್ಡದು, ದುಂಡಗಿರುತ್ತೆ.
ಅಧಿಕಾರಿ: ಆನೆ ಎದುರಾದರೆ?
ಹೆಂಗಸು: ಕೂಗಾಡಲ್ಲ, ಕಲ್ಲು ಎಸೆಯಲ್ಲ. ಹಿಂದಕ್ಕೆ ಸರಿದು ದಾರಿ ಬಿಡ್ತೀನಿ. ಮರಿ ಇದ್ದರೆ ಇನ್ನೂ ದೂರ ಹೋಗ್ತೀನಿ. ಆಮೇಲೆ ಕ್ಯಾಂಪಿಗೆ ತಿಳಿಸ್ತೀನಿ.
ಅಧಿಕಾರಿ: ಬೇಸಿಗೇಲಿ ಹೊಗೆ ಕಂಡರೆ?
ಹೆಂಗಸು: ಒಬ್ಬಳೇ ನುಗ್ಗಲ್ಲ. ಮೊದಲು ಸುದ್ದಿ ಮುಟ್ಟಿಸ್ತೀನಿ. ಗಾಳಿ ಯಾವ ಕಡೆ ಬೀಸ್ತಿದೆ ನೋಡಿ ಹೇಳ್ತೀನಿ.
ಅಧಿಕಾರಿ: ನಿಮ್ಮ ಅಣ್ಣನೇ ಮರ ಕಡಿದರೆ?
ಹೆಂಗಸು: ಅಣ್ಣ ಆದರೂ ತಪ್ಪು ತಪ್ಪೇ ಸರ್. ನಮ್ಮವರನ್ನ ಬಿಟ್ಟರೆ ಬೇರೆಯವರನ್ನ ಹಿಡಿಯೋ ಬಾಯಿ ನನಗಿರಲ್ಲ. ಈ ಮಾತು ಮನೇಲಿ ಮೊದಲೇ ಹೇಳಿದ್ದೀನಿ.
ಅಧಿಕಾರಿ: ವನ್ಯಜೀವಿ ಕಾಯ್ದೆ ಯಾವ ವರ್ಷದ್ದು?
ಹೆಂಗಸು: ಅದು ಗೊತ್ತಿಲ್ಲ ಸರ್. ತಿಳ್ಕೋತೀನಿ.

ಕೊನೆಯ ಉತ್ತರ ನೋಡಿದಿರಾ? ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದು ಅವಮಾನ ಅಲ್ಲ. ಕಾಡಿನಲ್ಲಿ ಸುಳ್ಳು ಸುದ್ದಿ ಕೊಟ್ಟರೆ ಜೀವ ಹೋಗುತ್ತದೆ. ಅದಕ್ಕೇ ಅಲ್ಲಿ ನಿಜ ಹೇಳುವವರು ಬೇಕು. ನೀವು ಮಾತ್ರ ಈಗಲೇ ತಿಳಿದುಕೊಳ್ಳಿ. ಆ ಕಾಯ್ದೆ 1972ರದು.

ನೀವೂ ಕೇಳಿ

ಸಂದರ್ಶನದಲ್ಲಿ ನಾವೂ ಪ್ರಶ್ನೆ ಕೇಳಬಹುದು. ಸಂಬಳ ಎಷ್ಟು? ಬ್ಯಾಂಕಿಗೆ ಬರುತ್ತದೆಯೇ? ಗಂಡಸರಷ್ಟೇ ಕೊಡುತ್ತಾರೆಯೇ? ಬೂಟು, ಟಾರ್ಚು ಯಾರು ಕೊಡುತ್ತಾರೆ? ವಿಮೆ ಇದೆಯೇ? ಹೆಂಗಸರಿಗೆ ಶೌಚಾಲಯ, ಮಲಗಲು ಬೇರೆ ಜಾಗ ಇದೆಯೇ?

ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ದೂರು ಕೊಡಲು 2013ರ ಕಾನೂನು ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಸಮಿತಿ ಇರಲೇಬೇಕು. ಅದಕ್ಕೆ ಹೆಂಗಸರೇ ಮುಖ್ಯಸ್ಥರು.

ಎರಡು ಎಚ್ಚರಿಕೆ

"ದುಡ್ಡು ಕೊಡು, ಕೆಲಸ ಕೊಡಿಸ್ತೀನಿ" ಎಂದು ಬರುವವರನ್ನು ನಂಬಬೇಡಿ. ಓಲೆ, ಸರ ಅಡವಿಡಬೇಡಿ. ಅಧಿಕಾರಿಯೇ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಗುತ್ತಿಗೆ ಕಾಗದವನ್ನು ಓದದೆ ಸಹಿ ಹಾಕಬೇಡಿ. "ಹೊತ್ತಾಯ್ತು, ಬೇಗ ಹಾಕಮ್ಮ" ಅಂದರೂ ಸರಿ, ಅಕ್ಷರ ಅಕ್ಷರ ಕೂಡಿಸಿ ಓದಿ. ಒಂದು ಪ್ರತಿ ಕೇಳಿ ಪಡೆಯಿರಿ. ನಾವು ಓದು ಕಲಿತದ್ದು ಇಂಥ ಹೊತ್ತಿಗೇ.

ಹೊಸ ಪದಗಳು

ಗಸ್ತು: ಕಾವಲಿಗಾಗಿ ಸುತ್ತುವುದು
ನೇಮಕಾತಿ: ಕೆಲಸಕ್ಕೆ ತೆಗೆದುಕೊಳ್ಳುವುದು
ಗುತ್ತಿಗೆ: ಗೊತ್ತಾದ ಅವಧಿಗೆ ಮಾಡಿಕೊಂಡ ಕರಾರು

ಅಭ್ಯಾಸ

1. ವಾಚರ್ ಹುದ್ದೆಗೆ ಎಷ್ಟು ಓದಿರಬೇಕು?
2. ಹುಲಿಯ ಹೆಜ್ಜೆಯಲ್ಲಿ ಉಗುರು ಏಕೆ ಕಾಣುವುದಿಲ್ಲ?
3. "ಈ ಕೆಲಸ ಯಾಕೆ ಬೇಕು?" ಈ ಪ್ರಶ್ನೆಗೆ ನಿಮ್ಮ ಉತ್ತರವನ್ನು ಮೂರು ಸಾಲಿನಲ್ಲಿ ಬರೆಯಿರಿ. ಬರೆದದ್ದನ್ನು ಪಕ್ಕದವರಿಗೆ ಓದಿ ಹೇಳಿ.