ಹಳೇ ಸ್ಟೇಷನ್ನಿಗೆ ಹತ್ತು ರೂಪಾಯಿ



ನಮ್ಮ ಉತ್ತರಹಳ್ಳಿಯಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಮೈಸೂರು ಕಡೆಯ ರೈಲು ಹತ್ತಬೇಕಾದರೆ ನಾವು ಕೆಂಗೇರಿಗೆ ಹೋಗಬೇಕು. ಉತ್ತರಹಳ್ಳಿ–ಕೆಂಗೇರಿ ರಸ್ತೆ ನಮಗೆಲ್ಲ ಗೊತ್ತು. ಮದ್ದೂರು, ಮಂಡ್ಯ, ಮೈಸೂರು ಕಡೆ ತವರುಮನೆ ಇರುವವರಿಗೆ ಕೆಂಗೇರಿ ಸ್ಟೇಷನ್ನೂ ಗೊತ್ತು.

ರೈಲು ಬರುತ್ತದೆ. ಹತ್ತುತ್ತೇವೆ. ಕೂರಲು ಜಾಗ ಸಿಕ್ಕರೆ ಪುಣ್ಯ. ಊರು ಬಂದಾಗ ಇಳಿಯುತ್ತೇವೆ. ಆದರೆ ಈ ಹಳಿ ಹಾಕಲು ಮಣ್ಣು ಹೊತ್ತವರು ಯಾರು? ಹಳೇ ಸ್ಟೇಷನ್ನು, ಹಳೇ ಇಂಜಿನ್ನು ಕೊನೆಗೆ ಏನಾಗುತ್ತವೆ? ಅವನ್ನು ಉಳಿಸಬೇಕೆಂದರೆ ದುಡ್ಡು ಎಲ್ಲಿಂದ ಬರುತ್ತದೆ? ಅದೂ ಕಷ್ಟಕಾಲದಲ್ಲಿ? ಈ ಪಾಠದಲ್ಲಿ ಅದನ್ನು ಓದೋಣ.

ಬರಗಾಲದಲ್ಲಿ ಹಾಕಿದ ಹಳಿ

1876ರಿಂದ 1878ರವರೆಗೆ ನಮ್ಮ ನಾಡಿನಲ್ಲಿ ಭೀಕರ ಬರಗಾಲ ಬಂತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರ ಎಂದು ಹಿರಿಯರು ಅದನ್ನು ಕರೆದರು. ಮಳೆ ಇಲ್ಲ. ರಾಗಿ ಇಲ್ಲ. ದನಕರುಗಳಿಗೆ ಮೇವಿಲ್ಲ. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರೆಂದು ಅಂದಾಜು. ಅಂದರೆ ಐದು ಜನರಲ್ಲಿ ಒಬ್ಬರು.

ಹಸಿದವರಿಗೆ ಕೂಲಿ ಕೊಡಲು ಸರ್ಕಾರ ಕಾಮಗಾರಿಗಳನ್ನು ಶುರು ಮಾಡಿತು. ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣು ಕೆಲಸ ಅಂಥದ್ದೇ ಒಂದು ಕಾಮಗಾರಿ. ಬರಗಾಲದ ಕಾಮಗಾರಿಗಳಲ್ಲಿ ಗಂಡಸರ ಜೊತೆ ಹೆಂಗಸರೂ ಮಣ್ಣು ಹೊತ್ತರು. 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತು.

ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಅವರು ಹಾಕಿದ ದಾರಿಯಲ್ಲೇ ನಾವು ಇಂದೂ ತವರಿಗೆ ಹೋಗುತ್ತೇವೆ.

ಎರಡೂವರೆ ಅಡಿಯ ಪುಟ್ಟ ರೈಲು

ಈಗ ಬೆಂಗಳೂರಿನ ಉತ್ತರಕ್ಕೆ ಹೋಗೋಣ. ಅಲ್ಲಿ ಇನ್ನೊಂದು ಹಳೇ ಮಾರ್ಗ ಇದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ರೈಲು ಶುರುವಾಯಿತು. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ ಅಂತರ. ಈಗಿನ ದೊಡ್ಡ ಹಳಿಗಳ ನಡುವೆ ಐದೂವರೆ ಅಡಿ ಇರುತ್ತದೆ. ಹಾಗಾದರೆ ಅದು ಎಷ್ಟು ಪುಟ್ಟ ರೈಲು, ನೀವೇ ಯೋಚಿಸಿ.

ಈ ಮಾರ್ಗವನ್ನು ಹಾಕಲು ಒಂದು ಕಂಪನಿ ಹುಟ್ಟಿಕೊಂಡಿತು. ಬೆಂಗಳೂರು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ ಎಂದು ಅದರ ಹೆಸರು. ಕಂಪನಿ ಎಂದರೆ ಹಲವರು ಪಾಲು ಹಾಕಿ ಮಾಡುವ ಕೆಲಸ. ಆ ಪಾಲಿಗೆ ಷೇರು ಎನ್ನುತ್ತಾರೆ.

ಮುಂದೆ ಪುಟ್ಟ ಹಳಿ ಹೋಯಿತು. ದೊಡ್ಡ ಹಳಿ ಬಂತು. ಆದರೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ಕಡೆ ಹಳೇ ಸ್ಟೇಷನ್ ಕಟ್ಟಡಗಳು ಉಳಿದುಕೊಂಡವು. ಬಳಕೆ ತಪ್ಪಿದ ಮನೆಯ ಗತಿ ನಮಗೆ ಗೊತ್ತು. ಹೆಂಚು ಜಾರುತ್ತದೆ. ಮಳೆನೀರು ಇಳಿಯುತ್ತದೆ. ತೊಲೆಗೆ ಗೆದ್ದಲು ಹಿಡಿಯುತ್ತದೆ. ಗೋಡೆಯಲ್ಲಿ ಅರಳಿ ಗಿಡ ಹುಟ್ಟುತ್ತದೆ.

ಇಂಟ್ಯಾಕ್ ಎಂಬ ಒಂದು ಸಂಸ್ಥೆ ಇದೆ. ಹಳೇ ಕಟ್ಟಡ, ಹಳೇ ಕಲೆಗಳನ್ನು ಉಳಿಸಲು 1984ರಲ್ಲಿ ದೆಹಲಿಯಲ್ಲಿ ಅದು ಹುಟ್ಟಿತು. ಅದರ ಬೆಂಗಳೂರು ಶಾಖೆಯವರು ಈ ಸ್ಟೇಷನ್ನುಗಳನ್ನು ಉಳಿಸುವ ಕೆಲಸಕ್ಕೆ ಕೈಹಾಕಿದರು.

ಹಳೇ ಕಟ್ಟಡದ ದುರಸ್ತಿ ಸುಲಭವಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರುವುದಿಲ್ಲ. ಗೋಡೆ ಒಳಗೊಳಗೇ ಹಾಳಾಗುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಬೇಕು. ಅದನ್ನು ಅರೆದು ಹದ ಮಾಡಲು ತಿಳಿದವರು ಬೇಕು. ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಹೆಚ್ಚು ಕೂಲಿ ಆಗುತ್ತದೆ.

ಇಂಥ ಕೆಲಸಕ್ಕೆ ಮೂರು ಬೇಕು. ಒಂದು, ಕಟ್ಟಡದ ಒಡೆಯರಾದ ರೈಲ್ವೆಯವರ ಒಪ್ಪಿಗೆ. ಎರಡು, ಕೆಲಸ ಬಲ್ಲ ಕೈ. ಮೂರು, ಹಣ.

ಹೊಟ್ಟೆಗೆ ಹಿಟ್ಟಿಲ್ಲದಾಗ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮಂಥ ಇಬ್ಬರು ಹೆಂಗಸರು ಹೀಗೆ ಮಾತಾಡಿಕೊಳ್ಳಬಹುದು.

"ಅಲ್ಲ ಕಣಕ್ಕ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ? ಮಕ್ಕಳ ಫೀಸಿಗೇ ದುಡ್ಡಿಲ್ಲ. ಹಳೇ ಸ್ಟೇಷನ್ನಿಗೆ ಯಾಕೆ ಕೊಡಬೇಕು?"

"ನೀನು ಹೇಳೋದು ಸರಿ ಕಣಮ್ಮ. ಆದರೆ ಊರ ಕಟ್ಟೆಯ ಅರಳಿಮರ ಬಿದ್ದರೆ ನಮಗೆ ಯಾಕೆ ಅಂತ ಸುಮ್ಮನಿರ್ತೀವಾ? ನಮ್ಮಜ್ಜಿ ಕೂತಿದ್ದ ಕಟ್ಟೆ ಅಂತೀವಿ. ಒಂದು ಕಲ್ಲಾದರೂ ಎತ್ತಿಡ್ತೀವಿ."

"ಕಲ್ಲು ಎತ್ತಿಡಬಹುದು. ದುಡ್ಡು ಎಲ್ಲಿಂದ ತರೋದಕ್ಕ?"

ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಈ ಪ್ರಶ್ನೆ ನಮ್ಮದು ಮಾತ್ರ ಅಲ್ಲ. ದೂರದ ದೇಶದಲ್ಲೂ ಜನ ಇದನ್ನು ಎದುರಿಸಿದ್ದಾರೆ. ಅವರ ಕಥೆ ಕೇಳೋಣ.

ಸ್ಲೇಟಿನ ಊರಿನ ರೈಲು

ನಾವು ಅಕ್ಷರ ತಿದ್ದಿದ ಸ್ಲೇಟು ನೆನಪಿದೆಯೇ? ಅಂಥ ಸ್ಲೇಟಿನ ಕಲ್ಲು ಬ್ರಿಟನ್ ದೇಶದ ವೇಲ್ಸ್ ಎಂಬ ನಾಡಿನಲ್ಲಿ ಬಹಳ ಸಿಗುತ್ತಿತ್ತು. ಆ ಕಲ್ಲು ಸಾಗಿಸಲು ಅಲ್ಲಿ ಒಂದು ಪುಟ್ಟ ರೈಲು ಇತ್ತು. ಅದರ ಹೆಸರು ಟ್ಯಾಲಿಲ್ಲಿನ್ ರೈಲ್ವೆ.

1946ರ ಕೊನೆಯಲ್ಲಿ ಕಲ್ಲಿನ ಗಣಿ ಕುಸಿಯಿತು. ಗಣಿ ಮುಚ್ಚಿದರೂ ರೈಲಿನ ಒಡೆಯರು ರೈಲು ನಿಲ್ಲಿಸಲಿಲ್ಲ. 1950ರಲ್ಲಿ ಅವರು ತೀರಿಕೊಂಡರು. ಇನ್ನು ಹಳಿ ಕಿತ್ತು ಗುಜರಿಗೆ ಹಾಕುವುದೇ ಬಾಕಿ ಎಂದು ಜನ ಅಂದುಕೊಂಡರು.

ಆಗ ಆ ದೇಶಕ್ಕೂ ಕಷ್ಟಕಾಲ. ದೊಡ್ಡ ಯುದ್ಧ ಮುಗಿದು ಐದೇ ವರ್ಷ ಆಗಿತ್ತು. ನಮ್ಮ ನ್ಯಾಯಬೆಲೆ ಅಂಗಡಿಯಂತೆ ಅಲ್ಲೂ ಸಕ್ಕರೆ, ಮಾಂಸ ಎಲ್ಲ ರೇಷನ್ನಿನಲ್ಲೇ ಸಿಗುತ್ತಿದ್ದವು. ಅಂಥ ಹೊತ್ತಿನಲ್ಲಿ, 1950ರ ಅಕ್ಟೋಬರ್ ತಿಂಗಳಲ್ಲಿ, ರೈಲಿನ ಮೇಲೆ ಪ್ರೀತಿ ಇದ್ದವರು ಬರ್ಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಸಭೆ ಸೇರಿದರು. ಸಂಘ ಕಟ್ಟಿದರು. ಸದಸ್ಯರಿಂದ ಚಂದಾ ಎತ್ತಿದರು. ದುಡ್ಡು ಸಾಲದ ಕಡೆ ಕೈಕೆಲಸ ಕೊಟ್ಟರು. ರಜೆಯಲ್ಲಿ ಬಂದು ಹಳಿಯ ಮೇಲೆ ಬೆಳೆದಿದ್ದ ಹುಲ್ಲು ಕಿತ್ತರು. ಟಿಕೆಟ್ ಕೊಟ್ಟರು. ಇದು ನಮ್ಮ ಶ್ರಮದಾನದ ಹಾಗೆ.

ಹೊಸ ಇಂಜಿನ್ ಕೊಳ್ಳಲು ಅವರ ಬಳಿ ಹಣ ಇರಲಿಲ್ಲ. ಹತ್ತಿರದಲ್ಲೇ ಮುಚ್ಚಿಹೋಗಿದ್ದ ಇನ್ನೊಂದು ರೈಲಿನ ಎರಡು ಹಳೇ ಇಂಜಿನ್ನುಗಳನ್ನು 1951ರಲ್ಲಿ ಕೊಂಡರು. ಒಂದಕ್ಕೆ 25 ಪೌಂಡು. ಪೌಂಡು ಎಂದರೆ ಆ ದೇಶದ ದುಡ್ಡು. ಅದೇ ವರ್ಷದ ಮೇ ತಿಂಗಳಲ್ಲಿ ಸಂಘದವರೇ ರೈಲು ಓಡಿಸಿದರು. ಸ್ವಯಂಸೇವಕರು ಹೀಗೆ ಉಳಿಸಿ ನಡೆಸಿದ ರೈಲು ಜಗತ್ತಿನಲ್ಲಿ ಇದೇ ಮೊದಲು. ಅದು ಇಂದಿಗೂ ಓಡುತ್ತಿದೆ.

ರೈಲೇ ನಿಂತ ವರ್ಷ

2020ರಲ್ಲಿ ಕೊರೋನಾ ಬಂತು. ನಾವು ಯಾರೂ ಅದನ್ನು ಮರೆತಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ದೇಶದಲ್ಲೂ ಪ್ರಯಾಣಿಕರ ರೈಲು ನಿಂತವು. ಗಾರ್ಮೆಂಟ್ಸ್ ಬಾಗಿಲು ಹಾಕಿದವು. ಮನೆಕೆಲಸದವರಿಗೆ ಬರಬೇಡಿ ಎಂದರು.

ಬ್ರಿಟನ್ನಿನ ಹಳೇ ರೈಲುಗಳೂ ನಿಂತವು. ಅವುಗಳಿಗೆ ಟಿಕೆಟ್ ಹಣವೇ ಆಧಾರ. ಟಿಕೆಟ್ ನಿಂತಿತು, ಖರ್ಚು ನಿಲ್ಲಲಿಲ್ಲ. ಇಂಜಿನ್ ಓಡದಿದ್ದರೂ ತುಕ್ಕು ಹಿಡಿಯುತ್ತದೆ. ಹಳಿಯ ಕೆಳಗಿನ ಮರದ ದಿಮ್ಮಿ ಕೊಳೆಯುತ್ತದೆ. ಕಾವಲುಗಾರನಿಗೆ ಸಂಬಳ ಕೊಡಬೇಕು. ವಿಮೆ ಕಟ್ಟಬೇಕು.

ಆಗ ಸಂಘಗಳು ಜನರ ಮುಂದೆ ಕೈಯೊಡ್ಡಿದವು. ಹಲವು ಸಂಘಗಳು ತಮ್ಮ ಕಷ್ಟವನ್ನು ಮುಚ್ಚಿಡಲಿಲ್ಲ. ಟಿಕೆಟ್ ಕೊಂಡಿದ್ದ ಕೆಲವರು ಹಣ ವಾಪಸ್ ಕೇಳದೆ ದಾನವಾಗಿ ಬಿಟ್ಟರು. ಕೆಲವರು ಸಣ್ಣ ಮೊತ್ತ ಕಳಿಸಿದರು. ಅಲ್ಲಿನ ಸರ್ಕಾರವೂ ಕಲೆ, ಸಂಸ್ಕೃತಿಗಾಗಿ ಇಟ್ಟ ನಿಧಿಯಿಂದ ನೆರವು ನೀಡಿತು.

ಇದರಿಂದ ನಾವು ಕಲಿಯುವುದು ಏನು? ಕಷ್ಟಕಾಲದಲ್ಲಿ ಜನ ಕೊಡುವುದು ನಂಬಿಕೆ ಇದ್ದ ಕಡೆಗೆ. ಆ ನಂಬಿಕೆ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಒಳ್ಳೆಯ ದಿನಗಳಲ್ಲಿ ಸರಿಯಾಗಿ ಲೆಕ್ಕ ಒಪ್ಪಿಸಿದವರಿಗೆ ಕೆಟ್ಟ ದಿನಗಳಲ್ಲಿ ಕೇಳುವ ಬಾಯಿ ಇರುತ್ತದೆ. ನಮ್ಮ ಮಹಿಳಾ ಸಂಘದ ಉಳಿತಾಯಕ್ಕೂ ಇದೇ ಮಾತು.

ಹತ್ತು ರೂಪಾಯಿಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಇದು ಕಲಿಯಲು ಮಾಡಿಕೊಂಡ ಲೆಕ್ಕ.

ಒಂದು ಸಂಘದಲ್ಲಿ 200 ಜನ ಇದ್ದಾರೆ. ಒಬ್ಬೊಬ್ಬರು ತಿಂಗಳಿಗೆ 10 ರೂಪಾಯಿ ಕೊಡುತ್ತಾರೆ.

200 ಜನ × 10 ರೂ. = ತಿಂಗಳಿಗೆ 2,000 ರೂ.
2,000 ರೂ. × 12 ತಿಂಗಳು = ವರ್ಷಕ್ಕೆ 24,000 ರೂ.

ಇನ್ನೊಂದು ಸಂಘಕ್ಕೆ ಒಬ್ಬ ಸಾಹುಕಾರರು ವರ್ಷಕ್ಕೆ 24,000 ರೂಪಾಯಿ ಕೊಡುತ್ತಾರೆ. ಎರಡೂ ಸಮವಾಯಿತು.

ಈಗ ಕಷ್ಟಕಾಲ ಬಂತು. ಮೊದಲ ಸಂಘದಲ್ಲಿ 20 ಜನ "ಈ ವರ್ಷ ಆಗೋದಿಲ್ಲಮ್ಮ" ಎಂದರು. ಉಳಿದವರು 180 ಜನ.

180 ಜನ × 10 ರೂ. × 12 ತಿಂಗಳು = 21,600 ರೂ.

ಸ್ವಲ್ಪ ಕಡಿಮೆ ಆಯಿತು. ಕೆಲಸ ನಿಲ್ಲಲಿಲ್ಲ. ಎರಡನೆಯ ಸಂಘದ ಸಾಹುಕಾರರು ಕೈಬಿಟ್ಟರೆ ಎಷ್ಟು ಉಳಿಯಿತು? ಸೊನ್ನೆ.

ಹಾಗೆಂದು ದೊಡ್ಡ ಮೊತ್ತ ಬೇಡ ಎಂದಲ್ಲ. ಛಾವಣಿ ಪೂರ್ತಿ ಹೊದಿಸಲು ದೊಡ್ಡ ಮೊತ್ತವೇ ಬೇಕು. ಆದರೆ ವರ್ಷವರ್ಷ ಹೆಂಚು ಸರಿಮಾಡಲು, ಗೋಡೆಯ ಗಿಡ ಕೀಳಲು ಸಣ್ಣ ಹಣ ತಪ್ಪದೆ ಬರಬೇಕು. ಹನಿಹನಿ ಕೂಡಿದರೆ ಹಳ್ಳ.

ಓದಿ, ಆಮೇಲೆ ಕೊಡಿ

ಯಾರಾದರೂ ಬಾಗಿಲಿಗೆ ಬಂದು ಚಂದಾ ಕೇಳಿದರೆ ಏನು ಮಾಡಬೇಕು? ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಮಗೆ ಓದು ಬಂದಿದೆ. ಕೇಳಿ, ಓದಿ, ಆಮೇಲೆ ಕೊಡಿ.

1. ನಿಮ್ಮದು ಯಾವ ಸಂಘ? ನೋಂದಣಿ ಆಗಿದೆಯೇ? ನಮ್ಮ ರಾಜ್ಯದಲ್ಲಿ ಸಂಘಗಳ ನೋಂದಣಿಗೆ 1960ರ ಕಾಯಿದೆ ಇದೆ.
2. ಯಾವ ಕೆಲಸಕ್ಕೆ ಹಣ? ಒಟ್ಟು ಎಷ್ಟು ಬೇಕು? ಈವರೆಗೆ ಎಷ್ಟು ಬಂದಿದೆ?
3. ಕಟ್ಟಡ ಯಾರದ್ದು? ಒಡೆಯರು ಬರೆದುಕೊಟ್ಟ ಒಪ್ಪಿಗೆ ಇದೆಯೇ?
4. ಕೆಲಸ ಮುಗಿದ ಮೇಲೆ ಲೆಕ್ಕ ಎಲ್ಲಿ ತೋರಿಸುತ್ತೀರಿ?

ಹಣ ಕೊಟ್ಟರೆ ರಸೀದಿ ಕೇಳಿ. ರಸೀದಿಯಲ್ಲಿ ಇವು ಇರಬೇಕು:

ಸಂಘದ ಹೆಸರು ಮತ್ತು ನೋಂದಣಿ ಸಂಖ್ಯೆ
ರಸೀದಿ ಸಂಖ್ಯೆ, ದಿನಾಂಕ
ಕೊಟ್ಟವರ ಹೆಸರು
ಮೊತ್ತ ಅಂಕಿಯಲ್ಲಿ: 10 ರೂ.
ಮೊತ್ತ ಅಕ್ಷರದಲ್ಲಿ: ಹತ್ತು ರೂಪಾಯಿ ಮಾತ್ರ
ಯಾವ ಕೆಲಸಕ್ಕೆ
ಪಡೆದವರ ಸಹಿ

ಮೊತ್ತವನ್ನು ಅಕ್ಷರದಲ್ಲೂ ಏಕೆ ಬರೆಯಬೇಕು? 10ರ ಮುಂದೆ ಒಂದು ಸೊನ್ನೆ ಸೇರಿಸಿದರೆ 100 ಆಗಿಬಿಡುತ್ತದೆ. ಅಕ್ಷರದಲ್ಲಿದ್ದರೆ ಹಾಗೆ ತಿದ್ದುವುದು ಕಷ್ಟ.

ನಾವೇ ಹಣ ಎತ್ತುವವರಾದರೂ ಇದೇ ನಿಯಮ. ಇಬ್ಬರು ಒಟ್ಟಿಗೆ ಹೋಗಬೇಕು. ಅಂದಿನ ಹಣ ಅಂದೇ ಪುಸ್ತಕಕ್ಕೆ ಬರೆಯಬೇಕು. ಬ್ಯಾಂಕಿನ ಖಾತೆಗೆ ಕಟ್ಟಬೇಕು. ಲೆಕ್ಕವನ್ನು ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು. ಇಲ್ಲ ಎಂದವರ ಮನೆ ಮುಂದೆ ಬಿರುಸು ಮಾತು ಆಡಬಾರದು. ಕೊಡಲಾಗದವರು ಒಂದು ದಿನ ಬಂದು ಗಿಡ ಕಿತ್ತರೆ ಅದೂ ಚಂದಾನೇ. ಅವರ ಹೆಸರನ್ನೂ ಪುಸ್ತಕದಲ್ಲಿ ಬರೆಯಬೇಕು.

ಮಲ್ಲಿಗೆಯೋ, ಹಿಟ್ಟೋ?

ಆ ತಂಗಿಯ ಪ್ರಶ್ನೆಗೆ ಉತ್ತರ ಹೇಳುವುದು ಬಾಕಿ ಇದೆ. ಮನೆಯಲ್ಲಿ ಒಲೆ ಹೊತ್ತದ ದಿನ ಹಳೇ ಸ್ಟೇಷನ್ನಿಗೆ ಕೊಡಿ ಎಂದು ನಾವು ಹೇಳುವುದಿಲ್ಲ. ಮಗುವಿನ ಔಷಧಿ ಮೊದಲು. ರೇಷನ್ನು ಮೊದಲು. ಕೊಡದಿದ್ದರೆ ನಾಚಿಕೆ ಪಡಬೇಕಾಗಿಲ್ಲ.

ಆದರೆ ಬರಗಾಲದಲ್ಲಿ ಹಾಕಿದ ಹಳಿಯನ್ನು ನೆನೆಯೋಣ. ಅಂದು ಹಸಿದವರೇ ಅದಕ್ಕೆ ಮಣ್ಣು ಹೊತ್ತರು. ರಾಜರ ಅರಮನೆಯನ್ನು ಉಳಿಸಲು ಹತ್ತು ಜನ ಇರುತ್ತಾರೆ. ಕೂಲಿಯವರ ಬೆವರಿನಿಂದ ಎದ್ದ ಹಳಿ, ಪುಟ್ಟ ಸ್ಟೇಷನ್ನುಗಳನ್ನು ಯಾರು ಉಳಿಸುತ್ತಾರೆ? ಅವು ಬಿದ್ದುಹೋದರೆ, ನಮ್ಮಂಥವರು ಕಟ್ಟಿದ್ದರು ಎಂದು ಮಕ್ಕಳಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಕೈಲಾದಾಗ ಹತ್ತು ರೂಪಾಯಿ. ಆಗದಿದ್ದಾಗ ಒಂದು ದಿನದ ಕೈಕೆಲಸ. ಎರಡೂ ಆಗದಿದ್ದರೆ ಲೆಕ್ಕ ಕೇಳುವ ಎರಡು ಕಣ್ಣು. ಈ ಮೂರೂ ಬೇಕು.

ಮಾಡಿ ನೋಡಿ

ಮೈಸೂರಿನ ರೈಲ್ವೆ ನಿಲ್ದಾಣದ ಹತ್ತಿರ ರೈಲು ವಸ್ತುಸಂಗ್ರಹಾಲಯ ಇದೆ. 1979ರಲ್ಲಿ ಅದು ಶುರುವಾಯಿತು. ಹಳೇ ಇಂಜಿನ್ನುಗಳಿವೆ. ಮಹಾರಾಣಿಯವರು ಪ್ರಯಾಣ ಮಾಡುತ್ತಿದ್ದ ಬೋಗಿಯೂ ಇದೆ. ಅದರಲ್ಲಿ ಅಡುಗೆಮನೆಯೂ ಇತ್ತು. ನಿಮ್ಮ ಸಂಘದವರು ಸೇರಿ, ದಾರಿ ಖರ್ಚಿಗೆ ತಿಂಗಳು ತಿಂಗಳು ಕೂಡಿಟ್ಟು, ಕೆಂಗೇರಿಯಲ್ಲಿ ರೈಲು ಹತ್ತಿ ಹೋಗಿಬನ್ನಿ. ಟಿಕೆಟ್ ಮೇಲೆ ಏನು ಬರೆದಿದೆ ಎಂದು ನೀವೇ ಓದಿ.

ಪ್ರಶ್ನೆಗಳು

1. ಧಾತು, ಈಶ್ವರ ಸಂವತ್ಸರಗಳ ಬರ ಯಾವ ವರ್ಷಗಳಲ್ಲಿ ಬಂತು?
2. ಸುಣ್ಣದ ಗೋಡೆಗೆ ಸಿಮೆಂಟು ಏಕೆ ಬಳಿಯಬಾರದು?
3. 150 ಜನ ತಿಂಗಳಿಗೆ 10 ರೂಪಾಯಿ ಕೊಟ್ಟರೆ ವರ್ಷಕ್ಕೆ ಎಷ್ಟಾಗುತ್ತದೆ?
4. ನಿಮ್ಮ ಹೆಸರಿನಲ್ಲಿ 50 ರೂಪಾಯಿಯ ಒಂದು ರಸೀದಿ ಬರೆಯಿರಿ. ಅಂಕಿ ಮತ್ತು ಅಕ್ಷರ ಎರಡೂ ಇರಲಿ.
5. ಗುಂಪಿನಲ್ಲಿ ಮಾತಾಡಿ: ನಿಮ್ಮ ಊರಿನಲ್ಲಿ ನಿಮ್ಮ ಹಿರಿಯರು ಕಟ್ಟಿದ ಏನು ಉಳಿದಿದೆ? ಅದನ್ನು ಉಳಿಸಲು ಮೊದಲು ಯಾರ ಒಪ್ಪಿಗೆ ಬೇಕು?