ಸೇತುವೆ ಕೆಳಗೆ ಎಷ್ಟು ಜಾಗ ಇದೆ?

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ರೆ ಕ್ಲಬ್‌ನ ಸೀನಿಯರ್‌ಗಳು ತಿದ್ದಿರ್ತಾರೆ. ಲೆಕ್ಕ ತಪ್ಪಿದ್ರೆ ಮಾತ್ರ ಅದು ನಂದೇ.

ಈ ಲೇಖನ ಹುಟ್ಟಿದ್ದು ಒಂದು ವೈವಾದಿಂದ. ಡ್ರಾಯಿಂಗ್ ಶೀಟ್ ಮೇಲೆ ಒಂದು ಚಿಕ್ಕ ಸೇತುವೆ ಬರೆದು, ಕೆಳಗೆ ‘ಕ್ಲಿಯರೆನ್ಸ್ 3 ಮೀಟರ್’ ಅಂತ ಹಾಕಿದ್ದೆ. ಸರ್ ಕೇಳಿದ್ರು: “ಎಲ್ಲಿಂದ ಎಲ್ಲಿಗೆ ಮೂರು ಮೀಟರ್?” ನಾನು ಅಳೆದಿದ್ದು ಕಾಲುವೆಯ ತಳದಿಂದ. “ನೀರು ಇರಲ್ವೇನಪ್ಪಾ? ಕೆಳಗಡೆ ಏನು ಹೋಗುತ್ತೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗೆಳೆಯ ನಕ್ಕ. ಅವನ ಶೀಟ್‌ನಲ್ಲೂ ಅದೇ ತಪ್ಪು ಇತ್ತು, ಆ ಮಾತು ಬೇರೆ.

ಆಮೇಲೆ ಒಂದು ವಾರ ಹಾಸ್ಟೆಲ್‌ನಲ್ಲಿ ಲಂಡನ್ನಿನ ಕಾಲುವೆಗಳಲ್ಲಿ ಬೋಟ್ ಓಡಿಸುವವರ ವಿಡಿಯೋ ನೋಡಿದೆ, ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಸೇತುವೆಯನ್ನ ಮೇಲಿನಿಂದ ನೋಡೋದೇ ನಮಗೆ ಅಭ್ಯಾಸ. ಕೆಳಗಿನಿಂದ ನೋಡಿದ್ರೆ ಮಾತ್ರ ಅರ್ಥ ಆಗೋ ವಿಷಯಗಳಿವೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳೋಕೆ ಪ್ರಯತ್ನಿಸ್ತೀನಿ.

1. ನಮ್ಮ ಉದಾಹರಣೆ: ರೀಜೆಂಟ್ಸ್ ಕೆನಾಲ್

ಲಂಡನ್ ನಗರದ ಉತ್ತರ ಭಾಗದಲ್ಲಿ ಹರಿಯುವ ಈ ಕಾಲುವೆಯ ಉದ್ದ ಸುಮಾರು 13.8 ಕಿ.ಮೀ. ಪಶ್ಚಿಮದ ಲಿಟಲ್ ವೆನಿಸ್‌ನಿಂದ ಶುರುವಾಗಿ, ಪೂರ್ವದಲ್ಲಿ ಲೈಮ್‌ಹೌಸ್ ಹತ್ತಿರ ಥೇಮ್ಸ್ ನದಿ ಸೇರುತ್ತದೆ. 1816ರಲ್ಲಿ ಕ್ಯಾಮ್ಡೆನ್ ತನಕ, 1820ರಲ್ಲಿ ಪೂರ್ತಿಯಾಗಿ ಓಡಾಟಕ್ಕೆ ತೆರೆಯಿತು. ಎಂಜಿನಿಯರ್ ಜೇಮ್ಸ್ ಮಾರ್ಗನ್. ರಸ್ತೆ ಸೇತುವೆಗಳಿಗಂತೂ ಲೆಕ್ಕವೇ ಇಲ್ಲ ಅನ್ನೋ ಹಾಗೆ ಒಂದರ ಹಿಂದೆ ಒಂದು ಬರುತ್ತವೆ. ಮೇಲೆ ಕೆಂಪು ಬಸ್ಸು, ಕೆಳಗೆ ಬೋಟು.

ಇಲ್ಲಿ ಹೆಚ್ಚಾಗಿ ಓಡುವುದು ನ್ಯಾರೋಬೋಟ್. ಅಗಲ ಕೇವಲ 2.1 ಮೀಟರ್, ಉದ್ದ ಮಾತ್ರ 22 ಮೀಟರ್ ತನಕ ಇರಬಹುದು. ನಮ್ಮ ಎರಡು ಬಸ್‌ಗಳನ್ನ ಹಿಂದೆಮುಂದೆ ಸೇರಿಸಿದಷ್ಟು. ಓಡಿಸುವವರು ನಿಲ್ಲೋದು ಹಿಂದುಗಡೆ, ಅಂದ್ರೆ ಬೋಟಿನ ಮೂತಿ ನಿಮ್ಮಿಂದ 20 ಮೀಟರ್ ದೂರದಲ್ಲಿರುತ್ತೆ.

2. ಎತ್ತರ ಯಾರ ಕೈಲಿದೆ?

ಸೇತುವೆ ಕೆಳಗಿನ ಜಾಗ ಅಂದ್ರೆ ನೀರಿನ ಮೇಲ್ಮೈಯಿಂದ ಸೇತುವೆಯ ತಳದವರೆಗಿನ ಅಂತರ. ಸೇತುವೆ ಅಲುಗಾಡಲ್ಲ, ಆದರೆ ನೀರು ಏರುತ್ತೆ, ಇಳಿಯುತ್ತೆ. ಹಾಗಾಗಿ ಈ ಸಂಖ್ಯೆ ಸೇತುವೆಯೊಂದರದ್ದೇ ಅಲ್ಲ, ನೀರಿನದ್ದೂ ಹೌದು. ವೈವಾದಲ್ಲಿ ನಾನು ಎಡವಿದ್ದು ಇಲ್ಲೇ.

ಲೈಮ್‌ಹೌಸ್ ಹತ್ತಿರ ಥೇಮ್ಸ್‌ನಲ್ಲಿ ಸಮುದ್ರದ ಉಬ್ಬರವಿಳಿತ ಜೋರು. ದೊಡ್ಡ ಉಬ್ಬರದ ದಿನ ನೀರಿನ ಮಟ್ಟ 6 ಮೀಟರ್‌ಗೂ ಹೆಚ್ಚು ಏರಿಳಿಯುತ್ತೆ. ಅಂಥ ನದಿಯಲ್ಲಿ ‘ಈ ಸೇತುವೆಯ ಕ್ಲಿಯರೆನ್ಸ್ ಎಷ್ಟು’ ಅಂತ ಕೇಳಿದ್ರೆ ‘ಎಷ್ಟು ಗಂಟೆಗೆ?’ ಅನ್ನೋದೇ ಸರಿಯಾದ ಉತ್ತರ.

ಕಾಲುವೆಯಲ್ಲಿ ಹಾಗಿಲ್ಲ. ಕ್ಯಾಮ್ಡೆನ್‌ನಿಂದ ಲೈಮ್‌ಹೌಸ್‌ಗೆ ಬರುವಷ್ಟರಲ್ಲಿ 12 ಲಾಕ್‌ಗಳು ಸೇರಿ ನೀರನ್ನ ಸುಮಾರು 26 ಮೀಟರ್ ಕೆಳಗಿಳಿಸುತ್ತವೆ. ಲಾಕ್ ಅಂದ್ರೆ ಎರಡೂ ಕಡೆ ಬಾಗಿಲಿರುವ ತೊಟ್ಟಿ. ಬೋಟ್ ಒಳಗೆ ಬಂದ ಮೇಲೆ ನೀರು ತುಂಬಿಸಿ ಏರಿಸ್ತಾರೆ ಅಥವಾ ಖಾಲಿ ಮಾಡಿ ಇಳಿಸ್ತಾರೆ. ಎರಡು ಲಾಕ್‌ಗಳ ನಡುವಿನ ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತೆ. ಜಾಸ್ತಿಯಾದ ನೀರು ಪಕ್ಕದಿಂದ ಹರಿದು ಹೋಗುತ್ತೆ, ನಮ್ಮ ಕೆರೆಗಳಿಗೆ ಕೋಡಿ ಇದ್ದ ಹಾಗೆ. ಮೊದಲು ಇಲ್ಲಿ ಲಾಕ್‌ಗಳು ಜೋಡಿಜೋಡಿಯಾಗಿದ್ದವು. 1970ರ ದಶಕದಲ್ಲಿ ಪ್ರತಿ ಜೋಡಿಯಲ್ಲಿ ಒಂದನ್ನ ಇಂಥ ಕೋಡಿಯಾಗಿ ಬದಲಾಯಿಸಿದರು. ಕ್ಯಾಮ್ಡೆನ್‌ನ ಹ್ಯಾಂಪ್‌ಸ್ಟೆಡ್ ರೋಡ್ ಲಾಕ್‌ನಲ್ಲಿ ಮಾತ್ರ ಜೋಡಿ ಹಾಗೇ ಉಳಿದಿದೆ.

ಅಂದ್ರೆ ಸೇತುವೆಯ ಕೆಳಗಿನ ಜಾಗವನ್ನ ಕಾಯ್ತಾ ಇರೋದು ಎಲ್ಲೋ ಒಂದು ಕಿಲೋಮೀಟರ್ ಆಚೆ ಇರುವ ಕೋಡಿ!

ಮೂರನೇ ಪಾಲುದಾರ ಬೋಟ್. ಅಂಡರ್‌ಪಾಸ್‌ನಲ್ಲಿ ಸಿಕ್ಕಿಕೊಂಡ ಲಾರಿಯ ಟಯರ್ ಗಾಳಿ ಬಿಡೋ ಒಗಟು ಎಲ್ಲರಿಗೂ ಗೊತ್ತಲ್ವಾ? ಬೋಟ್‌ಗೆ ಅದು ಉಲ್ಟಾ. ಭಾರ ಹಾಕಿದ್ರೆ ತಗ್ಗುತ್ತೆ, ಭಾರ ಇಳಿಸಿದ್ರೆ ಎತ್ತರ ಆಗುತ್ತೆ. ನೀರಿನ ಮಟ್ಟದಲ್ಲಿ 17 ಮೀ. ಉದ್ದ, 2.1 ಮೀ. ಅಗಲದ ಬೋಟ್ ತಗೊಳ್ಳಿ. ಅದು 1 ಸೆಂ.ಮೀ. ಮುಳುಗಬೇಕಾದ್ರೆ 17 × 2.1 × 0.01 = 0.357 ಘನ ಮೀಟರ್ ನೀರು ಸರಿಯಬೇಕು, ಅಂದ್ರೆ 357 ಕೆ.ಜಿ. ಭಾರ. ನನ್ನಂಥ ಐದು ಜನ ಹತ್ತಿದ್ರೆ ಒಂದು ಸೆಂಟಿಮೀಟರ್. ಆರ್ಕಿಮಿಡೀಸ್ ಇಷ್ಟು ಉಪಯೋಗಕ್ಕೆ ಬರ್ತಾನೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾಗಿ ತುಂಬಿದ ಬೋಟ್‌ಗಿಂತ ಖಾಲಿ ಬೋಟ್‌ಗೇ ಸೇತುವೆಯ ಭಯ ಹೆಚ್ಚು.

3. ಸೇತುವೆಯ ಕಣ್ಣು ಯಾಕೆ ಕಿರಿದು?

ಅಲ್ಲಿನ ಹಳೇ ಕಾಲುವೆಗಳಲ್ಲಿ ಸೇತುವೆ ಬಂದ ಕೂಡಲೇ ನೀರಿನ ದಾರಿ ಕಿರಿದಾಗುವುದನ್ನ ತುಂಬಾ ಕಡೆ ನೋಡಬಹುದು. ಕಾರಣ ಸರಳ, ದುಡ್ಡು. ಸ್ಪ್ಯಾನ್ ಚಿಕ್ಕದಾದ್ರೆ ಇಟ್ಟಿಗೆ ಕಮಾನು ಅಗ್ಗ. ಕಮಾನು ಚಿಕ್ಕದಾದ್ರೆ ರಸ್ತೆಯನ್ನ ತುಂಬಾ ಎತ್ತಬೇಕಾಗಿಲ್ಲ. ರಸ್ತೆಯ ಏರು 1:30 ಅಂತ ಇಟ್ಟುಕೊಂಡ್ರೆ, ಸೇತುವೆಯನ್ನ ಒಂದು ಮೀಟರ್ ಎತ್ತರಿಸಲು ಎರಡೂ ಕಡೆ 30 ಮೀಟರ್ ರಸ್ತೆ ಏರಬೇಕು. ಊರೊಳಗೆ ಆ 30 ಮೀಟರ್‌ನಲ್ಲಿ ಯಾರದೋ ಮನೆ ಬಾಗಿಲು, ಅಂಗಡಿ ಮೆಟ್ಟಿಲು ಇರುತ್ತೆ. ಬೋಟ್‌ನವರಿಗೆ ಸೇತುವೆ ಎತ್ತರ ಇರಬೇಕು, ರಸ್ತೆಯವರಿಗೆ ತಗ್ಗಿರಬೇಕು. ಈ ಜಗಳ ಎಲ್ಲಿ ನಿಂತಿತೋ ಅಲ್ಲೇ ಕಮಾನು ನಿಂತಿದೆ.

ಇನ್ನೊಂದು ಸೂಕ್ಷ್ಮ ಇದೆ. ಕಾಲುವೆಯ ಒಂದು ದಡದಲ್ಲಿ ಕುದುರೆ ನಡೆಯುವ ದಾರಿ ಇತ್ತು. ಆಗ ಎಂಜಿನ್ ಇರಲಿಲ್ಲ, ಕುದುರೆಗಳು ಹಗ್ಗ ಕಟ್ಟಿ ಬೋಟ್ ಎಳೀತಿದ್ದವು. ಕಮಾನಿನ ಒಳಗೇ ಆ ದಾರಿಯೂ ಹೋಗಬೇಕು. ಅದಕ್ಕೇ ಕಮಾನಿನ ತುದಿ ನೀರಿನ ಸರಿಯಾದ ನಡುವೆ ಬರಲ್ಲ, ದಾರಿಯ ಕಡೆಗೆ ವಾಲಿರುತ್ತೆ. ಆಚೆ ದಡದ ಕಡೆ ಕಮಾನು ಬಾಗಿ ಕೆಳಗೆ ಬಂದಿರುತ್ತೆ. ಬೋಟ್ ನೀರಿನಲ್ಲಿ ನಡುವೆ ಇದ್ದರೂ ಅದರ ಛಾವಣಿಯ ಒಂದು ಮೂಲೆ ಇಟ್ಟಿಗೆಗೆ ಉಜ್ಜಬಹುದು. ಛಾವಣಿ ಮೇಲೆ ಸೈಕಲ್, ಹೂವಿನ ಕುಂಡ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ.

4. ಈಗ ಲೆಕ್ಕ: ಯಾಕೆ ನಿಧಾನ?

ಎದುರಿಗೆ ಯಾರೂ ಇಲ್ಲದಿದ್ರೂ ಸೇತುವೆ ಹತ್ತಿರ ಬಂದಾಗ ಎಲ್ಲರೂ ವೇಗ ಇಳಿಸ್ತಾರೆ. ಯಾಕೆ? ಲೆಕ್ಕಕ್ಕಾಗಿ ಸುಲಭದ ಸಂಖ್ಯೆಗಳನ್ನ ನಾನೇ ಇಟ್ಟುಕೊಂಡಿದ್ದೀನಿ.

ಕಾಲುವೆ 10 ಮೀ. ಅಗಲ, 1.5 ಮೀ. ಆಳ: ವಿಸ್ತೀರ್ಣ 15 ಚದರ ಮೀ.
ಸೇತುವೆ ಕೆಳಗೆ 5 ಮೀ. ಅಗಲ, ಅಷ್ಟೇ ಆಳ: 7.5 ಚದರ ಮೀ.
ನೀರಿನೊಳಗಿನ ಬೋಟ್ 2.1 × 0.6: 1.26 ಚದರ ಮೀ.
ವೇಗ ಸೆಕೆಂಡಿಗೆ 1.5 ಮೀ.

ಬೋಟ್ ಮೇಲೆ ನಿಂತು ನೋಡಿ. ನಿಮ್ಮ ದೃಷ್ಟಿಯಲ್ಲಿ ಬೋಟ್ ನಿಂತಿದೆ, ನೀರೇ 1.5ರ ವೇಗದಲ್ಲಿ ಎದುರಿಗೆ ಬರ್ತಿದೆ. ಅಷ್ಟೂ ನೀರು ಬೋಟ್‌ನ ಪಕ್ಕ ಮತ್ತು ಕೆಳಗೆ ಉಳಿದ ಜಾಗದಲ್ಲಿ ನುಗ್ಗಬೇಕು.

ತೆರೆದ ಕಾಲುವೆಯಲ್ಲಿ: 1.5 × 15 / 13.74 = 1.64 ಮೀ./ಸೆ.
ಸೇತುವೆ ಕೆಳಗೆ: 1.5 × 7.5 / 6.24 = 1.80 ಮೀ./ಸೆ.

ವೇಗ ಹೆಚ್ಚಾದ ಕಡೆ ಮಟ್ಟ ಇಳಿಯುತ್ತೆ, ಬರ್ನೂಲಿ ಹೇಳಿದ್ದು. ವೇಗದ ವರ್ಗಗಳ ವ್ಯತ್ಯಾಸವನ್ನ 2gಯಿಂದ ಭಾಗಿಸಿ. ತೆರೆದ ಕಾಲುವೆಯಲ್ಲಿ ಬೋಟ್ ಸುತ್ತ ನೀರು ಸುಮಾರು 2 ಸೆಂ.ಮೀ. ಇಳಿಯುತ್ತೆ, ಸೇತುವೆ ಕೆಳಗೆ ಸುಮಾರು 5 ಸೆಂ.ಮೀ. ನೀರಿನ ಜೊತೆ ಬೋಟೂ ಇಳಿಯುತ್ತೆ. ಮಟ್ಟ ಇಳಿದಾಗ ದಾರಿ ಇನ್ನೂ ಕಿರಿದಾಗೋದನ್ನ ನಾನಿಲ್ಲಿ ಬಿಟ್ಟಿದ್ದೀನಿ, ಸೇರಿಸಿದ್ರೆ ಉತ್ತರ ಸ್ವಲ್ಪ ಜಾಸ್ತಿ ಬರುತ್ತೆ.

‘ಇಳಿದ್ರೆ ಒಳ್ಳೇದೇ ಅಲ್ವಾ, ಮೇಲೆ ಜಾಗ ಸಿಗುತ್ತೆ’ ಅನ್ನಬಹುದು. ನಾನೂ ಹಾಗೇ ಅಂದುಕೊಂಡೆ. ಆದ್ರೆ ಊರ ನಡುವಿನ ಸೇತುವೆ ಕೆಳಗೆ ಜನ ಎಸೆದ ಇಟ್ಟಿಗೆ, ಸೈಕಲ್ಲು, ಸೂಪರ್‌ಮಾರ್ಕೆಟ್ ಗಾಡಿ ಎಲ್ಲಾ ಬಿದ್ದಿರುತ್ತೆ. ಜೊತೆಗೆ ಬೋಟ್ ಒಂದು ಗೋಡೆಗೆ ಹತ್ತಿರ ಇದ್ರೆ ಆ ಕಡೆಯ ಸಂದಿಯಲ್ಲಿ ನೀರು ಹೆಚ್ಚು ಇಳಿದು, ಬೋಟ್ ಗೋಡೆಯ ಕಡೆಗೇ ಎಳೆಯಲ್ಪಡುತ್ತೆ. ಈಗ ವೇಗ ಅರ್ಧ ಮಾಡಿ, 0.75. ಇಳಿತ ನಾಲ್ಕನೇ ಒಂದು ಭಾಗ, ಸುಮಾರು 1.3 ಸೆಂ.ಮೀ. ಮಾತ್ರ. ವೇಗದ ವರ್ಗ ಅನ್ನೋದು ಪರೀಕ್ಷೆಗಷ್ಟೇ ಅಲ್ಲ.

5. ಓಡಿಸೋದು ಹೇಗೆ?

ಚುಕ್ಕಾಣಿ ತಿರುಗಿಸುವ ಉದ್ದನೆಯ ಹಿಡಿಗೆ ಟಿಲ್ಲರ್ ಅಂತಾರೆ (ಗದ್ದೆ ಉಳುವ ಟಿಲ್ಲರ್ ಅಲ್ಲ). ಅದನ್ನ ಎಡಕ್ಕೆ ತಳ್ಳಿದ್ರೆ ಮೂತಿ ಬಲಕ್ಕೆ ತಿರುಗುತ್ತೆ. ಬೋಟ್ ಕಾರಿನ ಥರ ಮೂತಿಯನ್ನ ಹಿಂಬಾಲಿಸಲ್ಲ, ಹೆಚ್ಚುಕಡಿಮೆ ನಡುವಿನ ಸುತ್ತ ತಿರುಗುತ್ತೆ. ಮೂತಿ ಬಲಕ್ಕೆ ಹೋದ್ರೆ ಬಾಲ ಎಡಕ್ಕೆ ಬೀಸುತ್ತೆ. ಅದಕ್ಕೇ ಸೇತುವೆಯೊಳಗೆ ಹೋದ ಮೇಲೆ ತಿರುಗಿಸೋದಲ್ಲ, ದೂರದಲ್ಲೇ ಬೋಟನ್ನ ನೆಟ್ಟಗೆ ಮಾಡ್ಕೊಬೇಕು.

ವೇಗವನ್ನೂ ಮೊದಲೇ ಇಳಿಸಿ, ಆದರೆ ಸೇತುವೆ ಕೆಳಗೆ ಎಂಜಿನ್ನನ್ನ ನ್ಯೂಟ್ರಲ್‌ಗೆ ಹಾಕಬೇಡಿ. ಪ್ರೊಪೆಲ್ಲರ್ ತಳ್ಳುವ ನೀರು ಚುಕ್ಕಾಣಿಗೆ ಬಡಿದ್ರೆ ತಾನೇ ಅದು ಕೆಲಸ ಮಾಡೋದು? ನೀರು ನಿಂತ್ರೆ ಹಿಡಿತ ಹೋಯ್ತು. ನಿಧಾನ ಇರಬೇಕು, ಆದ್ರೆ ಸತ್ತಿರಬಾರದು.

ಆಚೆ ಕಾಣದ ಸೇತುವೆಗೆ ಮೊದಲು ಹಾರ್ನ್. ಎದುರು ಬೋಟ್ ಬಂದ್ರೆ ನೀವು ಬಲಕ್ಕೆ, ರಸ್ತೆಯಲ್ಲಿ ಎಡಕ್ಕೆ ಓಡಿಸುವ ಆ ದೇಶದಲ್ಲೂ ಕಾಲುವೆಯಲ್ಲಿ ಬಲವೇ. ಸೇತುವೆಗೆ ಯಾರು ಹತ್ತಿರವೋ ಅವರು ಮೊದಲು.

ಎಲ್ಲಕ್ಕಿಂತ ಮುಖ್ಯ: ಬೋಟ್ ಗೋಡೆಗೆ ತಾಗೋ ಹಾಗಿದ್ರೆ ಕೈ ಕಾಲು ಒಡ್ಡಿ ತಡೀಬೇಡಿ. ಹತ್ತಾರು ಟನ್ ತೂಕದ ಬೋಟ್ ನಡೆಯುವ ವೇಗದಲ್ಲಿ ಬಂದರೂ ಕಾಲಿನ ಮೂಳೆ ಅದಕ್ಕೆ ಲೆಕ್ಕ ಅಲ್ಲ. ಗೀಚು ಬಿದ್ರೆ ಬಣ್ಣ ಬಳೀಬಹುದು. ಛಾವಣಿ ಮೇಲೆ ಕೂತವರಿಗೂ ಇದೇ ಮಾತು, ಸೇತುವೆ ಬರೋದಕ್ಕೆ ಮೊದಲೇ ಇಳಿದುಬಿಡಿ.

6. ಎರಡು ಸಲ ಸವೆದ ಕಂಬ

ರೀಜೆಂಟ್ಸ್ ಪಾರ್ಕ್‌ನ ಉತ್ತರ ಅಂಚಿನಲ್ಲಿ ಮ್ಯಾಕ್ಲ್ಸ್‌ಫೀಲ್ಡ್ ಸೇತುವೆ ಇದೆ. 1874ರ ಅಕ್ಟೋಬರ್ 2ರ ಬೆಳಗಿನ ಜಾವ, ಟಿಲ್ಬರಿ ಅನ್ನೋ ಬೋಟ್ ಇದರ ಕೆಳಗೆ ಬಂದಾಗ ಸ್ಫೋಟವಾಯ್ತು. ಅದರಲ್ಲಿ ಗನ್ ಪೌಡರ್ ಜೊತೆ ಪೆಟ್ರೋಲಿಯಂ ಕೂಡ ಇತ್ತು. ಬೋಟ್‌ನಲ್ಲಿದ್ದ ಮೂವರೂ ಸತ್ತರು, ಸೇತುವೆ ಪುಡಿಯಾಯ್ತು. ಮರುವರ್ಷ ಬ್ರಿಟನ್ನಿನಲ್ಲಿ ಸ್ಫೋಟಕಗಳ ಕಾಯ್ದೆ ಬಂತು.

ಸೇತುವೆಯ ಎರಕದ ಕಬ್ಬಿಣದ ಕಂಬಗಳು ಮಾತ್ರ ಉಳಿದವು. ಮತ್ತೆ ಕಟ್ಟುವಾಗ ಅವನ್ನೇ ಬಳಸಿದರು. ನಮ್ಮ ಹಳ್ಳಿಗಳಲ್ಲಿ ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಗೆರೆ ಬಿದ್ದಿರೋದು ನೋಡಿರ್ತೀರಲ್ಲ, ಹಾಗೇ ಕುದುರೆ ಎಳೆಯುವ ಹಗ್ಗ ಈ ಕಂಬಗಳ ಒಂದು ಬದಿಯನ್ನ ಕೊರೆದಿತ್ತು. ಕಟ್ಟಿದವರು ಕಂಬಗಳನ್ನ ತಿರುಗಿಸಿ, ಸವೆಯದ ಬದಿಯನ್ನ ಹಗ್ಗದ ಕಡೆಗೆ ನಿಲ್ಲಿಸಿದರು. ಆ ಬದಿಯೂ ಸವೆಯಿತು. ಇವತ್ತಿಗೂ ಎರಡೂ ಕಡೆ ಗೆರೆಗಳಿವೆ. ಆ ಮೂವರ ಹೆಸರಿಗಿಂತ ‘ಬ್ಲೋ-ಅಪ್ ಬ್ರಿಡ್ಜ್’ ಅನ್ನೋ ಅಡ್ಡಹೆಸರೇ ಜನಕ್ಕೆ ನೆನಪಿರೋದು, ಅದೊಂದು ಬೇಜಾರು.

7. ಕೊನೆಗೆ

ಸೇತುವೆಯನ್ನ ಕೆಳಗಿನವರನ್ನ ಮರೆತು ಕಟ್ಟಿದ್ರೆ ಏನಾಗುತ್ತೆ ಅಂತ ನೋಡೋಕೆ ಲಂಡನ್ ತನಕ ಹೋಗಬೇಕಾಗಿಲ್ಲ. ಚೆನ್ನೈನ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಒಂದು ಕಾಲಕ್ಕೆ ಉಪ್ಪು, ಸೌದೆ ಹೊತ್ತ ದೋಣಿಗಳು ಊರೊಳಗೆ ಬರ್ತಿದ್ದವು. ಆಮೇಲೆ ದೋಣಿಗಳು ಕಡಿಮೆಯಾದವು, ಕೊಳಚೆ ಸೇರಿತು. ನಗರದ ಎಂಆರ್‌ಟಿಎಸ್ ರೈಲಿನ ಕಂಬಗಳನ್ನ ಕಾಲುವೆಯೊಳಗೇ ನೆಟ್ಟರು. ರೈಲು ಬೇಕಿತ್ತು, ಅದು ಸುಳ್ಳಲ್ಲ. ಆದರೆ ಆ ಕಂಬಗಳು ಎದ್ದ ಜಾಗದಲ್ಲಿ ದೋಣಿ ವಾಪಸ್ ಬರೋದು ತುಂಬಾ ಕಷ್ಟ. ಕೊಳಚೆಯನ್ನ ತೆಗೀಬಹುದು, ಕಂಬ ತೆಗೆಯೋಕಾಗಲ್ಲ.

ನಾಳೆ ನಮ್ಮಲ್ಲೇ ಯಾರೋ ಒಬ್ಬರು ಕಾಲುವೆ ಮೇಲೆ ಒಂದು ರಸ್ತೆ ಸೇತುವೆ ಡಿಸೈನ್ ಮಾಡ್ತೀವಿ. ನಾವು ಬರೆಯೋ ಒಂದು ಸಂಖ್ಯೆ ಮುಂದಿನ ನೂರು ವರ್ಷ ಅದರ ಕೆಳಗೆ ಏನು ಹೋಗಬಹುದು, ಏನು ಹೋಗಬಾರದು ಅಂತ ತೀರ್ಮಾನ ಮಾಡಿಬಿಡುತ್ತೆ.

ನನ್ನ ಶೀಟ್ ವಾಪಸ್ ತಗೊಂಡು, ನೀರಿನ ಗರಿಷ್ಠ ಮಟ್ಟಕ್ಕೆ ಒಂದು ಗೆರೆ ಎಳೆದೆ. ಅಲ್ಲಿಂದ ಸೇತುವೆಯ ತಳಕ್ಕೆ ಅಳೆದ್ರೆ ಉಳಿದಿದ್ದು 1.2 ಮೀಟರ್. ಮೂರು ಮೀಟರ್ ಅಂತ ಧೈರ್ಯವಾಗಿ ಬರೆದಿದ್ದ ಜಾಗದಲ್ಲಿ, ಕೂತ್ಕೊಂಡು ಹೋಗೋದೂ ಕಷ್ಟ! ನಿಮ್ಮ ಶೀಟ್‌ನಲ್ಲೂ ಒಂದ್ಸಲ ಅಳೆದು ನೋಡಿ.